ಡಾನ್ ತ್ರಾಂಕಿಲಿನೊನ ಕಾಲೂ ಊರಿನ ನುಸಿಯೂ

ಎಸ್ತೇರೊ ವಿಯೆಹೊ ಊರಿನ ನುಸಿ ತನ್ನ ಮೈ ಮುಟ್ಟುವುದಿಲ್ಲ ಎಂಬುದೇ ಡಾನ್ ತ್ರಾಂಕಿಲಿನೊನ ಕೊನೆಯ ಆಸ್ತಿ. ದೋಣಿ ಮಾರಿಯಾಗಿತ್ತು, ಹಲ್ಲು ಉದುರಿದ್ದವು, ಈ ಜಂಬವೊಂದು ಉಳಿದಿತ್ತು. ಮೆಕ್ಸಿಕೋದ ಆ ಕಡಲ ದಂಡೆಯಲ್ಲಿ ಹುಣ್ಣಿಮೆ ಹತ್ತಿರವಾಯಿತೆಂದರೆ ಸಂಜೆಗೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಪೊದೆಗಳಿಂದ ನುಸಿ ಮೋಡದ ಹಾಗೆ ಏಳುತ್ತದೆ. ಮನೆಮನೆಯ ಮುಂದೆ ತೆಂಗಿನ ಸಿಪ್ಪೆಯ ಹೊಗೆ ಹಾಕುತ್ತಾರೆ. ಊರವರು ಮರ್ಯಾದೆಗೆ ಡಾನ್ ಎಂದು ಕರೆಯುವ ಈ ಮುದುಕ ಮಾತ್ರ ಚೌಕದ ಕಲ್ಲುಬೆಂಚಿನ ಮೇಲೆ ಮೊಣಕಾಲುದ್ದದ ಚಡ್ಡಿಯಲ್ಲಿ ಕೂತು, ಮೈ ಕೆರೆದುಕೊಳ್ಳುವ ಪರವೂರಿನವರನ್ನು ಆಡಿಕೊಳ್ಳುತ್ತಿದ್ದ. ಈ ಮಣ್ಣಿನಲ್ಲಿ ಹುಟ್ಟಿದವರ ರಕ್ತ ನುಸಿಗೆ ಕಹಿ ಎಂಬುದು ಅವನ ಸಿದ್ಧಾಂತ.

ಆ ಸಿದ್ಧಾಂತದ ಏಟು ಹೆಚ್ಚು ತಿಂದವನು ಅಳಿಯ ಲಿಯೊಬಾರ್ದೊ, ಬೆಟ್ಟದ ಸೀಮೆಯಿಂದ ಬಂದ ಕ್ಷೌರಿಕ. ಮದುವೆಯಾಗಿ ಬಂದ ವಾರವೇ ಅವನ ಮುಖ ಹಲಸಿನಹಣ್ಣಾಗಿತ್ತು. ಅಂದಿನಿಂದ ಮಾವನ ಬಾಯಲ್ಲಿ ಅವನ ಹೆಸರು ‘ನುಸಿಯ ಊಟ’. ಮಗಳು ಅತ್ತು ಕರೆದರೂ ಮುದುಕ ಬಿಡಲಿಲ್ಲ.

ಎಪ್ಪತ್ತು ದಾಟಿದ ಮೇಲೆ ಡಾನ್‌ನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಯಿತು. ಒಂದು ಸಂಜೆ ಮೊಣಕಾಲ ಕೆಳಗೆ ಕೆಂಪು ಚುಕ್ಕೆಗಳೆದ್ದವು; ಬೆಳಗಾಗುವಷ್ಟರಲ್ಲಿ ಬಲಗಾಲು ಊದಿ ಕಂಬವಾಯಿತು. ಅವನಿಗೆ ನೋವಿಗಿಂತ ಮಾನದ ಚಿಂತೆ. ಬಾಗಿಲು ಹಾಕಿಕೊಂಡು ಕೆರೆದ, ನಿಂಬೆರಸ ಹಿಂಡಿ ಉಪ್ಪು ತಿಕ್ಕಿದ. ಉರಿ ನೆತ್ತಿಗೇರಿತು. ಅದರ ಮೇಲೆ ಸೀಮೆಎಣ್ಣೆ ಸವರಿ, ಉಣ್ಣೆಯ ಕಾಲುಚೀಲ ಎಳೆದು, ರಬ್ಬರ್ ಬೂಟು ಏರಿಸಿಕೊಂಡು ಚೌಕಕ್ಕೆ ಬಂದ. ಈ ಬಿಸಿಲಲ್ಲಿ ಬೂಟೇಕೆ ಎಂದವರಿಗೆ ಗೌಟ್, ಕೀಲುಬಾವು ಎಂದ. ಅದು ಚೆನ್ನಾಗಿ ಉಂಡು ತಿಂದ ಮನೆತನದವರಿಗೆ ಬರುವ ಕಾಯಿಲೆ ಎಂದೂ ಸೇರಿಸಿದ.

ಸುದ್ದಿ ಅವನಿಗಿಂತ ಮೊದಲೇ ಹೆಂಡತಿ ಎದುವೀಹೆಸಳನ್ನು ಮುಟ್ಟಿತ್ತು. ಗೌಟಿಗೆ ಪಥ್ಯ ಉಂಟೆಂದು ಆಕೆ ಸಿಗಡಿ ನಿಲ್ಲಿಸಿದಳು, ಬಿಯರ್ ನಿಲ್ಲಿಸಿದಳು, ಬೇಯಿಸಿದ ಸೀಮೆಬದನೆ ತಂದಿಟ್ಟಳು. ಪಕ್ಕದ ಮನೆಯಿಂದ ಸಿಗಡಿ ಹುರಿಯುವ ಘಮ ಬರುತ್ತಿದ್ದರೂ ಮನೆತನದ ಮರ್ಯಾದೆಗಾಗಿ ಡಾನ್ ಸೀಮೆಬದನೆ ಅಗಿದ.

ಬೂಟಿನೊಳಗೆ ಕಾಲು ಬೇಯುತ್ತಿತ್ತು. ಗುಟ್ಟಾಗಿ ಒಂದು ತುರಿಕೆ ಮಾತ್ರೆ ತರಿಸಿ ನುಂಗಿದ. ತುರಿಕೆ ಅಲ್ಲೇ ಉಳಿಯಿತು, ತಲೆ ಮಾತ್ರ ತಿರುಗಿತು. ಡಾಮಿನೊ ಆಡುತ್ತಾ ಆಡುತ್ತಾ ಬಿಲ್ಲೆಗಳ ಮೇಲೆ ಮುಖವಿಟ್ಟು ಮಲಗಿಬಿಟ್ಟ. ಎದುರಿನ ತನ್ನ ಅಂಗಡಿಯಿಂದ ಓಡಿಬಂದ ಲಿಯೊಬಾರ್ದೊ ಅವನನ್ನು ಹೊತ್ತೊಯ್ದು ಕ್ಷೌರದ ಕುರ್ಚಿಯಲ್ಲಿ ಕೂರಿಸಿ ಬೂಟು ಕಿತ್ತ. ಕೆರೆದ ಕಡೆ ಕೀವು ಕಟ್ಟಿತ್ತು, ಕೆಂಪುಬಣ್ಣ ಮೊಣಕಾಲಿನತ್ತ ಹತ್ತುತ್ತಿತ್ತು, ಮೈ ಕಾದಿತ್ತು.

"ಮಾವ, ಇದು ಗೌಟಲ್ಲ."

"ಗಡ್ಡ ಹೆರೆಯೋನಿಗೆ ಕಾಲಿನ ವಿಷ್ಯ ಏನಪ್ಪಾ ಗೊತ್ತು?"

"ಈ ಊರಿಗೆ ಬಂದಾಗಿಂದ ನಾನೇ ಅನುಭವಿಸ್ತಿಲ್ವಾ? ಹಿಂಗೇ ಬಿಟ್ರೆ ಕಾಲೇ ಹೋದೀತು. ಏನು ಕಚ್ಚಿದ್ದು ಹೇಳಿ, ಡಾಕ್ಟರ ಹತ್ರ ಅದ್ನೇ ಹೇಳ್ಬೇಕು."

ಡಾನ್ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ.

"ಗೌಟಲ್ಲ ಅಂದ್ರೆ ಸಿಗಡಿ ತಿನ್ಬೋದಾ?"

"ಧಾರಾಳವಾಗಿ."

"ಹಂಗಾದ್ರೆ ನುಸಿ ಅಂತ್ಲೇ ಇಟ್ಕೋ."

ಅಳಿಯ ಕಾಲನ್ನು ಸೋಪು ನೀರಲ್ಲಿ ತೊಳೆದ, ತಣ್ಣೀರ ಬಟ್ಟೆ ಇಟ್ಟ, ಮತ್ತೆ ಕೆರೆಯದಂತೆ ಮಾವನ ಕೈಯುಗುರು ಕತ್ತರಿಸಿದ, ಆಸ್ಪತ್ರೆಗೆ ಎಳೆದೊಯ್ದ. ಡಾಕ್ಟರು ಕೀವಿಗೆ ಮಾತ್ರೆ ಕೊಟ್ಟರು, ಒಡೆಯದ ಗಂದೆಗಳಿಗೆ ತೆಳ್ಳಗೆ ಸವರಲು ಮುಲಾಮು ಕೊಟ್ಟರು. ಈ ವಯಸ್ಸಿನಲ್ಲಿ ಆ ತಲೆ ತಿರುಗಿಸುವ ಮಾತ್ರೆ ನುಂಗಿದರೆ ಬಿದ್ದು ಸೊಂಟ ಮುರಿದುಕೊಳ್ಳುತ್ತೀಯೆ ಎಂದು ಗದರಿದರು.

ಕಾಲಿನ ಊತ ಇಳಿಯಿತು. ಚೌಕದವರು ನಗಲು ತಯಾರಾಗಿ ಕಾದಿದ್ದರು. ತನ್ನನ್ನು ಕಚ್ಚಿದ್ದು ಊರಿನ ನುಸಿಯೇ ಅಲ್ಲ, ದೂರದ ಗ್ವಾದಲಹಾರ ನಗರದ ಬಸ್ಸಿನಲ್ಲಿ ಬಂದಿಳಿದವು ಎಂದ ಡಾನ್. ಹಾಗಾದರೆ ನಿನ್ನ ಅಳಿಯನನ್ನು ಕಚ್ಚಿದ್ದು ಯಾವ ಊರಿನವು ಎಂದು ಅವರು ಕೇಳಿದರು.

"ಅವು ನಮ್ಮೂರವೇ. ಮನೆ ಅಳಿಯನಿಗೆ ಉಪಚಾರ ಮಾಡ್ಬೇಡ್ವಾ?"

ಅಂದು ಸಂಜೆ ಬಸ್ಸೇನೂ ಬಂದಿರಲಿಲ್ಲ. ಆದರೂ ಮಾರನೆಯ ಬೆಳಿಗ್ಗೆ ಡಾನ್ ಈ ಸಲ ಎಡಗಾಲು ಕುಂಟುತ್ತಾ ಕ್ಷೌರದಂಗಡಿಗೆ ಬಂದ. ಕುರ್ಚಿಯಲ್ಲಿ ಕೂತು ಕೆಂಪು ಚುಕ್ಕೆಗಳೆದ್ದ ಕಾಲು ಚಾಚಿ, ಮೊದಲು ಚೌಕದವರಿಗೆ ಕಾಣದ ಹಾಗೆ ಬಾಗಿಲ ಪರದೆ ಎಳಿ ಎಂದ.

ಲಿಯೊಬಾರ್ದೊ ಮುಲಾಮಿನ ಮುಚ್ಚಳ ತೆಗೆದ. ಪರದೆ ಎಳೆಯಲಿಲ್ಲ.