ಹೆಣದ ಸಿನಿಮಾ ನೋಡಿ ನಕ್ಕ ಅಪ್ಪ

ಸ್ನೇಹಿತರೇ, ಇವತ್ತು ನಂಜನಗೂಡಿನ ಟಾಕೀಸಿನಲ್ಲಿ ನಮ್ಮಪ್ಪ ಜೋರಾಗಿ ನಕ್ಕು ಬೈಸಿಕೊಂಡರು.

ಅವ್ವ ತೀರಿಕೊಂಡ ಮೇಲೆ ಅವರ ಮಾತೇ ಕಡಿಮೆಯಾಗಿತ್ತು. ಅದಕ್ಕೇ ನಾನು ಟಿ. ನರಸೀಪುರದಿಂದ ಅಪ್ಪನ ಊರು ಹೆಡತಲೆಗೆ ಹೋಗಿ, ಕಾಮಿಡಿ ಸಿನಿಮಾ ಅಂತ ಅವರನ್ನೂ ಅವರ ತಂಗಿ, ನಮ್ಮತ್ತೆಯನ್ನೂ ಹೊರಡಿಸಿಕೊಂಡು ಬಂದೆ. ನೋಡಿದರೆ, ಕತೆ ಪೂರ್ತಿ ಒಂದು ಹೆಣ ಬಚ್ಚಿಡೋದು! ಕೊಲೆಗಾರರಲ್ಲೊಬ್ಬ ನಮ್ಮ ಕಡೆ ತಿರುಗಿ, "ಇದು ಸಿನಿಮಾ, ಪೊಲೀಸರು ಈಗಲೇ ಬರಲ್ಲ" ಅಂತಾನೆ. ಅಪ್ಪನಿಗೆ ಅವ್ವನ ಸಾವು ನೆನಪಾಗುತ್ತೇನೋ ಅಂತ ನನಗೆ ಗಾಬರಿ.

"ಎದ್ದೋಗೋಣ್ವಾ ಅಪ್ಪ?" ಅಂದೆ. ಅವರು ಅಲ್ಲಾಡಲಿಲ್ಲ.

ಹೆಣದ ತಲೆ ಯಾವ ದಿಕ್ಕಿಗಿರಬೇಕು ಅಂತ ಕೊಲೆಗಾರರು ಕಿತ್ತಾಡುವಾಗ ಅಪ್ಪ ಬಿದ್ದುಬಿದ್ದು ನಕ್ಕರು. ಮುಂದಿನ ಸೀಟಿನವರು ತಿರುಗಿ, "ಯಜಮಾನ್ರೇ, ಡೈಲಾಗೇ ಕೇಳಿಸ್ತಿಲ್ವಲ್ರೀ" ಅಂತ ರೇಗಿದರು.

"ನಗ್ಲಿ ಬಿಡಿ ಸಾ. ನಮ್ಮವ್ವ ಹೋದ್ಮೇಲೆ ಇದೇ ಮೊದ್ಲು" ಅಂದೆ. ಅವರು ತಮ್ಮ ಪಾಪ್‌ಕಾರ್ನ್ ಅಪ್ಪನ ಕಡೆ ಚಾಚಿದರು.

ಅಪ್ಪ ಕಣ್ಣೊರೆಸಿಕೊಂಡು, "ನಿಮ್ಮವ್ವನ್ನ ಮಲಗಿಸ್ದಾಗ್ಲೂ ನಿನ್ ಸೋದರಮಾವಂದ್ರು ಇಂಗೇ ಜಗಳ ಆಡಿದ್ರು ಕಣವ್ವ. ಅವ್ಳಿಗೆ ಕೇಳ್ಸಿದ್ರೆ ಎದ್ದು ಕೂತು ಬಯ್ಯೋಳು" ಅಂದರು. ಆಮೇಲೆ ನಾನೂ ತಡೆಯಲಾರದೆ ನಕ್ಕೆ, ಅತ್ತೆ ಕೂಡ.

ಹೊರಗೆ ಟೀ ಕುಡಿಯುತ್ತಾ, ಸಿನಿಮಾ ಹೆಂಗಿತ್ತು ಅಂತ ಕೇಳಿದೆ.

"ಮೊದಮೊದ್ಲು ಚೆನ್ನಾಗಿತ್ತು. ಬತ್ತಾ ಬತ್ತಾ ಆ ಕೊಲೆಗಾರ ಪ್ರತಿ ಜೋಕ್ಗೂ ನಮ್ ಕಡೆ ತಿರುಗಿ, 'ನೋಡಿ, ನಾನೆಷ್ಟು ಬುದ್ಧಿವಂತ' ಅಂತಾನೆ. ಅವ್ನೇ ಮೆಚ್ಕೊಂಡ್ರೆ ನಾವ್ಯಾಕೆ ಬೇಕು?"

ಬಸ್ ಹತ್ತುವಾಗ ಮಾತ್ರ, "ಇಂತದ್ದು ಇನ್ನೊಂದು ಬಂದ್ರೆ ತಿಳಿಸವ್ವ" ಅಂದರು.

ಒಳ್ಳೆಯ ಹೆಣ ಇರುವ ಸಿನಿಮಾ ನಿಮಗೆ ಗೊತ್ತಿದ್ದರೆ ಹೇಳ್ರಪ್ಪ. ಭಕ್ತಿಚಿತ್ರ ಬೇಡವಂತೆ.