ನಮ್ಮ ಗೇಟಿನ ಮುಂದಿನ ಕೆಂಪು ಚುಕ್ಕೆ

ಗೆಳೆಯರೇ, ನಮ್ಮ ಆಫೀಸಿನ ರುಕ್ಮಿಣಿಗೆ ಇವತ್ತು ಕೈ ಮುಗಿಯಬೇಕು ಅಂತ ನನಗನ್ನಿಸಿತು. ಹಿಂದಿನ ಅಪಘಾತಗಳನ್ನೆಲ್ಲ ಜಾಲಾಡಿ, ನಗರದಲ್ಲಿ ಮುಂದಿನದು ಎಲ್ಲಿ ಆಗಬಹುದೆಂದು ತೋರಿಸುವ ನಕ್ಷೆಯೊಂದನ್ನು ಮಾಡಿದ್ದಾಳೆ. ವೈಟ್‌ಫೀಲ್ಡ್ ಭಾಗದ ಅತಿ ದೊಡ್ಡ ಕೆಂಪು ಚುಕ್ಕೆ ಬಿದ್ದಿರುವುದು ನಮ್ಮ ಆಫೀಸಿನ ಗೇಟಿನ ಮುಂದೆಯೇ!

ಮ್ಯಾನೇಜರ್ ಸಿಡುಕಿದರು: "ನಾಳೆ ಕ್ಲೈಂಟ್ ಬರ್ತಾರಮ್ಮ. ಆ ಚುಕ್ಕೆ ತೆಗೆದ್ಬಿಡು, ಮಾನ ಹೋಗುತ್ತೆ."

"ಅದನ್ನ ಇಟ್ಟಿದ್ದು ನಾನಲ್ಲ ಸಾರ್. ಡಿವೈಡರ್ ಸಂದೀಲಿ ನುಗ್ಗಿ ರಸ್ತೆ ಆಚೆ ಟೀಗೆ ಹೋಗ್ತೀವಲ್ಲ, ನಾವೆಲ್ಲ ಸೇರಿ ಇಟ್ಟಿದ್ದು. ತೆಗೆಯಲ್ಲ."

ಅವರು ಕೋಪದಲ್ಲಿ ಟೀ ಕುಡಿಯಲು ಇಳಿದುಹೋದರು. ಸ್ವಲ್ಪ ಹೊತ್ತಿಗೆ ಕೆಳಗೆ ಕಿರ್ರೆಂದು ಬ್ರೇಕಿನ ಸದ್ದು. ಕಿಟಕಿಗೆ ಓಡಿದೆವು. ಅದೇ ಸಂದಿಯಲ್ಲಿ, ನೀರಿನ ಟ್ಯಾಂಕರಿನ ಮೂತಿಗೆ ಒಂದು ಗೇಣು ದೂರದಲ್ಲಿ, ಮ್ಯಾನೇಜರ್ ಕೈ ಅಡ್ಡ ಹಿಡಿದು ನಿಂತಿದ್ದರು.

ಬಿಳುಚಿಕೊಂಡು ವಾಪಸು ಬಂದವರಿಗೆ ರುಕ್ಮಿಣಿ ನೀರು ಕೊಟ್ಟಳು. ಕುಡಿದವರು, "ಚುಕ್ಕೆ ಇರ್ಲಿ ಬಿಡಮ್ಮ" ಎಂದರು.

ಸಂಜೆ ನಾವೆಲ್ಲ ಮೊದಲ ಬಾರಿಗೆ ಸಿಗ್ನಲ್ ತನಕ ನಡೆದು, ಸುತ್ತು ಹಾಕಿಕೊಂಡು ಟೀ ಅಂಗಡಿ ತಲುಪಿದೆವು. ಅಂಗಡಿಯವನು ಗಾಬರಿಯಾಗಿ ಕೇಳಿದ: "ಏನ್ ಸಾರ್, ದಾರಿ ತಪ್ಪಿಬಿಟ್ರಾ?"