ಹ್ಯಾರಿಸನ್ ಮೈದಾನದ ಫ್ರೆಂಚ್ ಡಿಫೆಂಡರ್

ನ್ಯೂಜೆರ್ಸಿಯ ಹ್ಯಾರಿಸನ್‌ನಲ್ಲಿ ಭಾನುವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯೊಂದರ ಮೈದಾನದಲ್ಲಿ ಅರ್ಮಾನ್ ತೆಸ್ಸಿಯೆ ಸುಣ್ಣದ ಗಾಡಿ ತಳ್ಳುತ್ತಾ ಗೋಲಿನ ಮುಂದಿನ ಗೆರೆ ಎಳೆಯುತ್ತಿದ್ದಾರೆ. ವಾರದ ದಿನಗಳಲ್ಲಿ ಅವರು ಇದೇ ಶಾಲೆಯ ಜವಾನ. ಬಾಯ್ಲರ್ ಹೊತ್ತಿಸುತ್ತಾರೆ, ಮೆಟ್ಟಿಲ ಮೇಲಿನ ಹಿಮ ಗೋರುತ್ತಾರೆ, ಒಡೆದ ಕಿಟಕಿಗೆ ಗಾಜು ಕೂರಿಸುತ್ತಾರೆ. ಭಾನುವಾರ ಮಾತ್ರ ಕನ್ನಡಿಗರೂ ಪೋರ್ಚುಗೀಸರೂ ಸೇರಿ ಕಟ್ಟಿಕೊಂಡ ಫುಟ್‌ಬಾಲ್ ತಂಡಕ್ಕೆ ಕೋಚ್.

ಫ್ರಾನ್ಸ್ ದೇಶದ ಪರವಾಗಿ ಡಿಫೆಂಡರ್ ಆಗಿ ಆಡಿದ್ದೇನೆ ಎನ್ನುತ್ತಾರೆ. 1968ರಲ್ಲಿ ನ್ಯೂಯಾರ್ಕಿನ ಹೊಸ ವೃತ್ತಿಪರ ತಂಡವೊಂದಕ್ಕೆ ಆಡಲು ಬಂದರಂತೆ, ಮರುವರ್ಷವೇ ತಂಡ ಮುಚ್ಚಿತಂತೆ. ಈ 'ಅಂತೆ'ಗಳಿಗೆ ಕಾರಣವಿದೆ. ಅಮೆರಿಕಕ್ಕೆ ಬಂದು ಏಳು ವರ್ಷ ಕಳೆದರೂ ಅವರ ಮನೆಯಲ್ಲಿ ಆಟದ ಒಂದು ಫೋಟೋ ಇಲ್ಲ, ಜೆರ್ಸಿ ಇಲ್ಲ. ಯಾವ ಪಂದ್ಯ ಎಂದು ಕೇಳಿದರೆ ಶೂ ಲೇಸು ಬಿಗಿಯಲು ಬಗ್ಗುತ್ತಾರೆ.

"ಆಡಿದ್ದೆ ಅಂದಿದ್ದಾನೆ. ಯಾಕೆ ಬಿಟ್ಟೆ ಅಂತ ಮಾತ್ರ ಹೇಳಿಲ್ಲ. ನಾನೂ ಕೇಳೋದು ಬಿಟ್ಟೆ," ಎನ್ನುತ್ತಾರೆ ಹೆಂಡತಿ ಮಾರ್ಗರೆಟ್.

ತಂಡದ ಕ್ಯಾಪ್ಟನ್ ಗುರುರಾಜ, ಪಿಸ್ಕಾಟವೇಯಲ್ಲಿ ಟೆಲಿಫೋನ್ ಎಂಜಿನಿಯರ್, ತಂಡದ ಬಗ್ಗೆ ಬರೆಯುವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಬರೀ ಬುರುಡೆ ಸಾರ್. ಇಂಟರ್‌ನ್ಯಾಷನಲ್ ಪ್ಲೇಯರ್ ಆಗಿದ್ರೆ ಇಲ್ಲಿ ಬಾಯ್ಲರ್ ಯಾಕೆ ಕಾಯ್ತಿದ್ರು?"

ಕಳೆದ ತಿಂಗಳು ನೆವಾರ್ಕ್ ಬಂದರಿಗೆ ಫ್ರೆಂಚ್ ಸರಕು ಹಡಗೊಂದು ಬಂದಾಗ, ಅದರ ನಾವಿಕರ ಜೊತೆ ಗುರುರಾಜ ಬೇಕೆಂದೇ ಒಂದು ಪಂದ್ಯ ಗೊತ್ತುಮಾಡಿದರು. ಫ್ರೆಂಚರ ಎದುರು ಸುಳ್ಳು ನಿಲ್ಲುವುದಿಲ್ಲ ಎಂಬ ಲೆಕ್ಕ ಅವರದು. ನಾನೂ ಹೋಗಿದ್ದೆ. ಹಡಗಿನ ವಯಸ್ಸಾದ ಅಡುಗೆಯವನು ತೆಸ್ಸಿಯೆಯವರನ್ನು ದಿಟ್ಟಿಸಿ ನೋಡಿ ಹತ್ತಿರ ಬಂದ. ಇವರು ಚಾಚಿದ ಕೈ ಹಿಡಿಯಲಿಲ್ಲ; ನೆಲಕ್ಕೆ ಉಗಿದ. ಎಲ್ಲರಿಗೂ ಅರ್ಥವಾಗಲೆಂದೇ ಇಂಗ್ಲಿಷಿನಲ್ಲಿ ಕೂಗಿದ: "ಇವನು ತೆಸ್ಸಿಯೆ! ದೇಶದ ಆಟ ಮಾರಿಕೊಂಡವನು!"

ಆ ಸಂಜೆ ಬಾಯ್ಲರ್ ಕೋಣೆಯಲ್ಲಿ ತೆಸ್ಸಿಯೆ ನನ್ನೆದುರು ಮೊದಲ ಸಲ ಬಾಯಿಬಿಟ್ಟರು. "ಫ್ರಾನ್ಸಿಗೆ ಆಡಿದ ಕೊನೇ ಪಂದ್ಯದಲ್ಲಿ ತಲೆಗೆ ಏಟು ಬಿತ್ತು. ಚೆಂಡು ಎರಡಾಗಿ ಕಾಣ್ತಿತ್ತು. ಆಗೆಲ್ಲ ಬದಲಿ ಆಟಗಾರ ಇರ್ತಿರಲಿಲ್ಲ, ನಾನು ಹೊರಗೆ ಹೋದ್ರೆ ಹತ್ತೇ ಜನ. ಯಾರಿಗೂ ಹೇಳಲಿಲ್ಲ. ನಮ್ಮ ಗೋಲ್‌ಕೀಪರ್‌ಗೆ ಅಂತ ಹಿಂದಕ್ಕೆ ಕೊಟ್ಟ ಚೆಂಡು ನಮ್ಮದೇ ಗೋಲಿಗೆ ಹೋಯ್ತು. ದುಡ್ಡು ತಿಂದಿದ್ದಾನೆ ಅಂತ ಮೊದಲು ಅಂದಿದ್ದು ಆ ಗೋಲ್‌ಕೀಪರೇ. ಆಮೇಲೆ ಯಾವ ಊರಲ್ಲಿ ಇಳಿದರೂ ಬೈಗುಳ."

"ಇಲ್ಲಿಯಾದರೂ ಹೇಳಬಹುದಿತ್ತಲ್ಲ?" ಎಂದೆ.

"ಆಡಿದ್ದು ನಿಜ ಅಂತ ತೋರಿಸೋಕೆ ಹೋದ್ರೆ ಇದೂ ಹಿಂದೆ ಬರುತ್ತೆ. ಅದಕ್ಕಿಂತ ಬುರುಡೆದಾಸ ಅನ್ನಿಸಿಕೊಳ್ಳೋದು ವಾಸಿ."

ನಂಬಬೇಕೋ ಬೇಡವೋ, ನನಗೆ ಈಗಲೂ ತಿಳಿಯದು. ತಲೆಗೆ ಏಟು ಬಿದ್ದದ್ದಕ್ಕೆ ಅವರ ಮಾತೇ ಸಾಕ್ಷಿ. ಗುರುರಾಜರ ಅನುಮಾನವಂತೂ ಇಳಿಯಲಿಲ್ಲ, ದಿಕ್ಕು ಬದಲಿಸಿತು. "ಆಡೇ ಇಲ್ಲ ಅಂದ್ಕೊಂಡಿದ್ದೆ. ಆಡಿದಾರೆ ಅಂತ ಗೊತ್ತಾದ್ಮೇಲೆ ಇನ್ನೂ ಭಯ ಆಗ್ತಿದೆ."

ಇವತ್ತು ಲೀಗ್ ಪಂದ್ಯ. ನಮ್ಮ ಡಿಫೆಂಡರ್ ಒಬ್ಬ ಕಾಲು ಉಳುಕಿಸಿಕೊಂಡು ಮನೆಯಲ್ಲಿದ್ದಾನೆ, ಬೇರೆ ಜನ ಇಲ್ಲ. ತೆಸ್ಸಿಯೆ ಇಳಿಯಲಿ ಎಂದರೆ ಗುರುರಾಜ ಒಪ್ಪುತ್ತಿಲ್ಲ. ಕೊನೆಗೆ ಗೋಲ್‌ಕೀಪರ್ ಗದಿಗೆಪ್ಪ, ಧಾರವಾಡದವರು, ಕೈಗವಸು ಏರಿಸುತ್ತಾ ಮಾತು ಮುಗಿಸುತ್ತಾರೆ: "ನಿಲ್ಲಲಿ ಬಿಡ್ರಿ. ಹಿಂದ ಚೆಂಡು ಬಂದ್ರ ಹಿಡಿಯಾಕ ನಾ ಅದೀನಲ್ಲ."

ನಲವತ್ತು ದಾಟಿದ ಮನುಷ್ಯ ಪೂರ್ತಿ ಪಂದ್ಯ ಆಡುತ್ತಾರೆ. ನಾವು ಒಂದು ಗೋಲಿನಿಂದ ಸೋಲುತ್ತೇವೆ, ಅದರಲ್ಲಿ ಅವರ ತಪ್ಪಿಲ್ಲ. ಮುಗಿದ ಮೇಲೆ ಗೋಲಿನ ಬಲೆ ಬಿಚ್ಚಿ ಮಡಚುತ್ತಾ ಅವರಾಗಿಯೇ ಹೇಳುತ್ತಾರೆ:

"ಇವತ್ತು ಒಂದು ಸಲ ಗದಿಗೆಪ್ಪನಿಗೆ ಚೆಂಡು ಹಿಂದಕ್ಕೆ ಕೊಟ್ಟೆ, ನೋಡಿದ್ರಾ? ಅವನು ನನ್ನ ಮುಖ ನೋಡಲಿಲ್ಲ. ಚೆಂಡನ್ನಷ್ಟೇ ನೋಡಿದ."